ಒಂದೇ ಮುಖದ ಮಕ್ಕಳು

1971ರಲ್ಲಿ ಮೈಕೆಲ್ ಡಾರಿಸ್ ಅವರಿಗೆ ಇಪ್ಪತ್ತಾರು ವರ್ಷ, ಮದುವೆಯಾಗಿರಲಿಲ್ಲ. ಒಂಟಿ ಗಂಡಸೊಬ್ಬ ಮಗುವನ್ನು ದತ್ತು ಕೇಳುವುದು ಅಮೆರಿಕದಲ್ಲೂ ಆಗ ಅಪರೂಪವೇ. ಆದರೂ ಕಾಲೇಜಿನಲ್ಲಿ ಮಾನವಶಾಸ್ತ್ರ ಕಲಿಸುತ್ತಿದ್ದ ಈ ತರುಣ ಹಟ ಬಿಡಲಿಲ್ಲ. ಕೊನೆಗೆ ಸೌತ್ ಡಕೋಟಾದಲ್ಲಿ ಮಗು ಸಿಕ್ಕಿತು: ಲಕೋಟಾ ಬುಡಕಟ್ಟಿನ ಮೂರು ವರ್ಷದ ಹುಡುಗ. ಅವನ ಬೆಳವಣಿಗೆ ಹಿಂದುಳಿದಿದೆ ಎಂದರು. ಹೆತ್ತ ತಾಯಿಗೆ ಕುಡಿತದ ಚಟವಿತ್ತು ಎಂದೂ ಹೇಳಿದರು. ಡಾರಿಸ್ ಎರಡಕ್ಕೂ ಸೊಪ್ಪು ಹಾಕಲಿಲ್ಲ. ಹೊಟ್ಟೆ ತುಂಬ ಊಟ, ಅಕ್ಕರೆ, ಕೈಗೆ ಪುಸ್ತಕ ಸಿಕ್ಕರೆ ಯಾವ ಮಗು ತಾನೇ ಚಿಗುರುವುದಿಲ್ಲ ಎಂಬುದು ಅವರ ಲೆಕ್ಕ. ಮುಂದೆ ವರ್ಷಗಟ್ಟಲೆ ಕಾಡಿದ ಪ್ರಶ್ನೆಗೆ ಉತ್ತರ ಮೊದಲ ದಿನವೇ ಕಿವಿಗೆ ಬಿದ್ದಿತ್ತು, ಆದರೆ ಅದು ಉತ್ತರವೆಂದು ಹೇಳಬಲ್ಲವರು ಯಾರೂ ಇರಲಿಲ್ಲ.

ಮುಂದೆ ತಂದೆಯ ಪುಸ್ತಕದಲ್ಲಿ ಆಡಂ ಎಂಬ ಹೆಸರು ಪಡೆದ ಆ ಹುಡುಗ ಡೈಪರ್ ಬಿಟ್ಟಿರಲಿಲ್ಲ, ನೆಟ್ಟಗೆ ನಾಲ್ಕು ಮಾತು ಬರುತ್ತಿರಲಿಲ್ಲ. ಸ್ವಲ್ಪ ಕಾಲದಲ್ಲೇ ಫಿಟ್ಸ್ ಶುರುವಾಯಿತು. ಶಾಲೆಗೆ ಹಾಕಿದರೆ ಇವತ್ತು ಕಲಿತದ್ದು ನಾಳೆಗೆ ನಿಲ್ಲುತ್ತಿರಲಿಲ್ಲ. ಗಡಿಯಾರ ಅರ್ಥವಾಗಲಿಲ್ಲ, ಚಿಲ್ಲರೆ ಎಣಿಸುವುದು ಕೂಡಿಬರಲಿಲ್ಲ. ತಪ್ಪು ಮಾಡಿದರೆ ಏನಾಗುತ್ತದೆಂದು ನೂರು ಸಲ ಹೇಳಿದರೂ ನೂರೊಂದನೆಯ ಸಲ ಅದೇ ತಪ್ಪು. ಸಿಟ್ಟಿನ ಹುಡುಗನಲ್ಲ, ಮೃದು ಸ್ವಭಾವದವನೇ. ಡಾರಿಸ್ ಒಬ್ಬ ವೈದ್ಯರಿಂದ ಇನ್ನೊಬ್ಬರಿಗೆ ಅಲೆದರು. ಮಗ ಹಿಂದೆ ಬಿದ್ದಾಗಲೆಲ್ಲ ಶಿಕ್ಷಕರ ಮೇಲೆ ಜಗಳಕ್ಕೆ ಹೋದರು. ಸೋಲನ್ನು ಮಗನದೆಂದು ಒಪ್ಪಿಕೊಳ್ಳುವುದಕ್ಕಿಂತ ಶಾಲೆಯ ತಲೆಗೆ ಕಟ್ಟುವುದು ತಂದೆಗೆ ಸುಲಭವಿತ್ತು.

ಅತ್ತ ಸಿಯಾಟಲ್‌ನಲ್ಲಿ ಬೇರೆಯದೇ ಕತೆ ನಡೆದಿತ್ತು. ಆಸ್ಪತ್ರೆಯಲ್ಲಿ ಮೈ ಹಿಡಿಯದ ಶಿಶುಗಳನ್ನು ನೋಡುತ್ತಿದ್ದ ಕಿರಿಯ ವೈದ್ಯೆ ಕ್ರಿಸ್ಟಿ ಅಲೆಲ್ಯಾಂಡ್ ಅವರಿಗೆ ಒಂದು ಸಂಗತಿ ಚುಚ್ಚತೊಡಗಿತು: ಇವರಲ್ಲಿ ಹಲವರ ತಾಯಂದಿರು ವಿಪರೀತ ಕುಡಿಯುವವರು. 1973ರಲ್ಲಿ ಅಂಥ ತಾಯಂದಿರ ಎಂಟು ಮಕ್ಕಳನ್ನು ಒಟ್ಟಿಗೆ ಕರೆಸಿದರು. ಪರೀಕ್ಷಿಸಲು ಬಂದವರು ಡೇವಿಡ್ ಸ್ಮಿತ್ ಮತ್ತು ಅವರ ಶಿಷ್ಯ ಕೆನೆತ್ ಜೋನ್ಸ್. ಹುಟ್ಟಿನಿಂದ ಬಂದ ಅಂಗದೋಷಗಳನ್ನು ಗುರುತಿಸುವುದೇ ಇಬ್ಬರ ಕಸುಬು. ಎಂಟರಲ್ಲಿ ನಾಲ್ಕು ಮಕ್ಕಳ ಮುಂದೆ ಅವರ ಕಣ್ಣು ನಿಂತಿತು. ಕಿರಿದಾದ ಕಣ್ಣಿನ ಸೀಳು, ತೆಳುವಾದ ಮೇಲ್ದುಟಿ, ಮೂಗಿಗೂ ತುಟಿಗೂ ನಡುವಿನ ಗೀರು ಮಾಸಿ ಸಪಾಟಾದ ಚರ್ಮ. ರಕ್ತಸಂಬಂಧವಿಲ್ಲ, ಜನಾಂಗವೂ ಒಂದೇ ಅಲ್ಲ. ಆದರೂ ಮುಖ ಒಂದೇ. ಹಿಂದೆ ಸ್ಮಿತ್ ಏನೆಂದು ತಿಳಿಯದೆ ಬದಿಗಿಟ್ಟಿದ್ದ ಎರಡು ಮಕ್ಕಳ ಕಡತಗಳು ನೆನಪಾದವು. ಅದೇ ಚಹರೆ. ವಿಚಾರಿಸಿದರೆ ಆ ತಾಯಂದಿರೂ ಕುಡಿಯುವವರೇ! ಅದೇ ವರ್ಷ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಈ ಸ್ಥಿತಿಗೆ ಹೆಸರೂ ಬಂತು: ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್.

ಫ್ರಾನ್ಸಿನ ನಾಂಟ್‌ನಲ್ಲಿ ಪಾಲ್ ಲೆಮ್ವಾನ್ ಎಂಬ ಮಕ್ಕಳ ವೈದ್ಯರು ಐದು ವರ್ಷ ಮೊದಲೇ ಕುಡುಕ ತಂದೆತಾಯಿಯರ 127 ಮಕ್ಕಳನ್ನು ನೋಡಿ ಇದನ್ನೇ ಬರೆದಿದ್ದರು. ಅವರ ಲೇಖನ ಬಂದದ್ದು ಫ್ರೆಂಚ್ ಭಾಷೆಯ ಪ್ರಾಂತೀಯ ಪತ್ರಿಕೆಯಲ್ಲಿ. ಸಿಯಾಟಲ್‌ನವರಿಗೆ ಅದರ ಸುದ್ದಿಯೇ ಇರಲಿಲ್ಲ.

ಹೆಸರು ಹುಟ್ಟಿದ ಮೇಲೂ ಅದು ಆಡಂನ ಮನೆ ತಲುಪಲು ವರ್ಷಗಳೇ ಹಿಡಿದವು. 1980ರ ದಶಕದ ಆರಂಭದಲ್ಲಿ ಡಾರಿಸ್ ಸೌತ್ ಡಕೋಟಾದ ಪೈನ್ ರಿಡ್ಜ್ ಪ್ರದೇಶದಲ್ಲಿ ಹದಿಹರೆಯದವರ ಚಿಕಿತ್ಸಾ ಕೇಂದ್ರವೊಂದಕ್ಕೆ ಹೋದರು. ಒಳಗೆ ಟಿ.ವಿ. ನೋಡುತ್ತ ಕೂತಿದ್ದ ಹುಡುಗರನ್ನು ಕಂಡು ನಿಂತಲ್ಲೇ ನಿಂತರು. ಅವರು ಆಡಂನ ಒಡಹುಟ್ಟಿದವರಂತಿದ್ದರು. ಜೇಬಿನಿಂದ ಮಗನ ಫೋಟೊ ತೆಗೆದು ತೋರಿಸಿದರು. ಕೇಂದ್ರದ ಮುಖ್ಯಸ್ಥೆಗೆ ಒಂದು ನೋಟ ಸಾಕಾಯಿತು: ಇವನೂ ಅದೇ. ಅಷ್ಟು ವರ್ಷದ ವರದಿಗಳು ಹೇಳದ್ದನ್ನು ಅಪರಿಚಿತ ಹುಡುಗರ ಮುಖ ಹೇಳಿತ್ತು.

ಡಾರಿಸ್ 1989ರಲ್ಲಿ ಮಗನ ಕುರಿತ ಪುಸ್ತಕ 'ದಿ ಬ್ರೋಕನ್ ಕಾರ್ಡ್' ಪ್ರಕಟಿಸಿದರು. ಅಮೆರಿಕ ಬೆಚ್ಚಿತು. ಕುಡಿಯುವ ಗರ್ಭಿಣಿಯರ ಮೇಲೆ ಅವರು ಕಾರಿದ ಸಿಟ್ಟು ಅತಿಯಾಯಿತೆಂಬ ಟೀಕೆಯೂ ಬಂತು, ಅದರಲ್ಲಿ ಹುರುಳಿತ್ತು. ಪುಸ್ತಕದ ಕೊನೆಯಲ್ಲಿ ತನ್ನ ಕತೆಯನ್ನು ಆಡಂ ತಾನೇ ಬರೆದ. 1991ರಲ್ಲಿ ಕಾರು ಬಡಿದು ಅವನು ತೀರಿಕೊಂಡ.

ಮುಖವೇ ಏಕೆ ಸುಳಿವಾಯಿತು ಎಂಬುದು ಇಲಿಗಳಿಂದ ತಿಳಿಯಿತು. ತಾಯಿ ಕುಡಿದ ಮದ್ಯ ಮಾಸನ್ನು ದಾಟಿ ಭ್ರೂಣಕ್ಕೆ ಹೋಗುತ್ತದೆ, ಅದನ್ನು ಅರಗಿಸುವ ಯಕೃತ್ತು ಅಲ್ಲಿನ್ನೂ ಸಿದ್ಧವಿರುವುದಿಲ್ಲ. ಕ್ಯಾಥ್ಲೀನ್ ಸುಲಿಕ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಸುರಿ ಇಲಿಗಳಿಗೆ ಏಳನೆಯ ದಿನ ಮದ್ಯ ಕೊಟ್ಟಿದ್ದರು. ಮರಿಗಳಲ್ಲಿ ಅದೇ ಮುಖ ಮೂಡಿತು. ಮನುಷ್ಯರಲ್ಲಿ ಅದು ಗರ್ಭದ ಮೂರನೆಯ ವಾರ, ಅನೇಕ ಹೆಂಗಸರಿಗೆ ಬಸಿರಾದದ್ದೇ ತಿಳಿಯದ ಹೊತ್ತು. ಮಿದುಳಿನ ಮುಂಭಾಗವೂ ಮುಖದ ನಡುಭಾಗವೂ ಒಟ್ಟಿಗೆ ರೂಪುಗೊಳ್ಳುವುದು ಆಗಲೇ. ಬೇರೆ ದಿನಗಳಲ್ಲಿ ಒಳಹೊಕ್ಕ ಮದ್ಯ ಮುಖವನ್ನು ಮುಟ್ಟದೆ ಮಿದುಳನ್ನಷ್ಟೇ ಕೆಡಿಸಬಲ್ಲದೆಂದು ಆಮೇಲೆ ಗೊತ್ತಾಯಿತು. ಎಣಿಸಿದಾಗ ಅಂಥ ಮಕ್ಕಳೇ ಹೆಚ್ಚಿದ್ದರು.