ಎಲುಬನ್ನು ಪೊರೆಯುವ ಪೊರೆ

ಕನ್ನಡದಲ್ಲಿ 'ಪೊರೆ' ಎಂಬುದು ನಾಮಪದವಾದಾಗ ತೆಳುವಾದ ಹೊದಿಕೆ. ಕ್ರಿಯಾಪದವಾದಾಗ ಕಾಪಾಡು, ಸಲಹು. ದಂತವೈದ್ಯರು ಬಳಸುವ ಕೊಲಾಜೆನ್ ಪೊರೆಯಲ್ಲಿ ಈ ಎರಡು ಅರ್ಥಗಳೂ ಕೂಡಿಬಂದಿವೆ.

ಹಲ್ಲನ್ನು ಕಿತ್ತ ಬಳಿಕ ಅದನ್ನು ಹಿಡಿದಿದ್ದ ದವಡೆಯ ಎಲುಬು ಸವೆಯತೊಡಗುತ್ತದೆ. ಒಂದು ವರ್ಷದಲ್ಲಿ ಅದರ ಅಗಲವು ಸುಮಾರು ಅರ್ಧದಷ್ಟು ಕುಗ್ಗಬಹುದು. ಆಗ ಲೋಹದ ಬೇರನ್ನು ನೆಟ್ಟು ಕೃತಕ ಹಲ್ಲನ್ನು ಕೂಡಿಸಲು ನೆಲೆಯೇ ಸಾಲದು. ಎಲುಬು ಮತ್ತೆ ಬೆಳೆಯಬಲ್ಲದಾದರೂ, ಅದಕ್ಕಿಂತ ವೇಗವಾಗಿ ಬೆಳೆಯುವ ವಸಡಿನ ಜೀವಕೋಶಗಳು ತೆರವಾದ ಜಾಗವನ್ನು ಮೊದಲೇ ಆಕ್ರಮಿಸುತ್ತವೆ.

ಯಾದಗಿರಿ ಸೀಮೆಯ ರಾಮಸಮುದ್ರದಂತಹ ಊರಿನ ಒಕ್ಕಲಿಗನಿಗೆ ಇದರ ಪರಿಹಾರವನ್ನು ವಿವರಿಸಿ ಹೇಳಬೇಕಿಲ್ಲ. ಮುಳ್ಳುಬೇಲಿಯು ಬೆಳೆಯನ್ನು ಬೆಳೆಸದು; ನುಗ್ಗುವುದನ್ನು ತಡೆದು ಬೆಳೆಗೆ ಅವಕಾಶವೀಯುತ್ತದೆ. ವೈದ್ಯರೂ ಕುಳಿಯಲ್ಲಿ ಎಲುಬಿನ ಪುಡಿಯನ್ನು ತುಂಬಿ, ಮೇಲೆ ಪೊರೆಯನ್ನು ಹೊದಿಸಿ, ವಸಡನ್ನು ಹೊಲಿಯುತ್ತಾರೆ. ಆ ಮರೆಯಲ್ಲಿ ಎಲುಬು ತಿಂಗಳುಗಟ್ಟಲೆ ನಿಧಾನವಾಗಿ ಕೂಡಿಕೊಳ್ಳುತ್ತದೆ.

1980ರ ದಶಕದಲ್ಲಿ ಸ್ವೀಡನ್ನಿನ ಸಂಶೋಧಕರು ಈ ತತ್ತ್ವವನ್ನು ಪ್ರಯೋಗದಿಂದ ತೋರಿಸಿದರು. ಮೊದಮೊದಲು ಬಳಸಿದ ಟೆಫ್ಲಾನ್ ಜಾತಿಯ ಪೊರೆಯನ್ನು ಎರಡನೆಯ ಶಸ್ತ್ರಕ್ರಿಯೆಯಿಂದ ತೆಗೆಯಬೇಕಾಗುತ್ತಿತ್ತು. ಕೊಲಾಜೆನ್ ಪೊರೆಯಾದರೋ ತಾನಾಗಿಯೇ ದೇಹದಲ್ಲಿ ಕರಗುತ್ತದೆ. ಆದರೆ ಅದು ಮೃದು; ಗಾಯ ಬಿಚ್ಚಿಕೊಂಡರೆ ಬೇಗನೆ ಕರಗಿ, ಕಾವಲು ತಪ್ಪುತ್ತದೆ. ಧೂಮಪಾನವೂ ಹತೋಟಿಯಿಲ್ಲದ ಮಧುಮೇಹವೂ ಗಾಯ ಮಾಯುವುದಕ್ಕೆ ಅಡ್ಡಿಯಾಗುತ್ತವೆ.

ಕೊಲಾಜೆನ್ ಎಂಬುದು ಚರ್ಮ, ಸ್ನಾಯುರಜ್ಜು, ಎಲುಬುಗಳ ಮುಖ್ಯ ಪ್ರೋಟೀನು. ಮೂರು ಎಳೆಗಳನ್ನು ಹೊಸೆದ ಹಗ್ಗದಂತಹ ಅದರ ರಚನೆಯನ್ನು 1954ರಲ್ಲಿ ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಪ್ರತಿಪಾದಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದ ರಾಮಚಂದ್ರನ್, ಮುಂದೆ ಅದೇ ಸಂಸ್ಥೆಗೆ ಮರಳಿ ಜೀವಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು.

ಇಲ್ಲಿಯೇ ಒಂದು ಸೂಕ್ಷ್ಮ ವಿಷಯವಿದೆ. ಸಾಮಾನ್ಯವಾಗಿ ಈ ಪೊರೆಗಳನ್ನು ದನ ಅಥವಾ ಹಂದಿಯ ಚರ್ಮ, ಸ್ನಾಯುರಜ್ಜು ಮೊದಲಾದವುಗಳಿಂದ ಶುದ್ಧೀಕರಿಸಿ ಸಿದ್ಧಪಡಿಸುತ್ತಾರೆ. ತುಂಬುವ ಪುಡಿಯೂ ಎಷ್ಟೋ ವೇಳೆ ದನದ ಎಲುಬಿನದು. ಸಸ್ಯಾಹಾರದ ವ್ರತವುಳ್ಳವರು ಇದನ್ನು ಶಸ್ತ್ರಕ್ರಿಯೆಗೆ ಮುನ್ನವೇ ಕೇಳಿ ತಿಳಿಯತಕ್ಕದ್ದು. ಪ್ರಾಣಿಜನ್ಯವಲ್ಲದ ಕೃತಕ ಪೊರೆಗಳೂ ಪುಡಿಗಳೂ ಉಂಟು. ಅವು ತನಗೆ ಒಪ್ಪುವುವೇ ಎಂದು ವೈದ್ಯರನ್ನು ವಿಚಾರಿಸುವುದು ರೋಗಿಯ ಹಕ್ಕು. ಬಲ್ಲವರು ಮುಂಚಿತವಾಗಿ ತಿಳಿಸುವುದು, ಅರಿತ ಮೇಲೆ ರೋಗಿ ಸಮ್ಮತಿಸುವುದು ಇವೆರಡೂ ಕೂಡಿದಾಗಲೇ ಚಿಕಿತ್ಸೆಯು ದೇಹವನ್ನೂ ಮನಸ್ಸನ್ನೂ ಸಮನಾಗಿ ಪೊರೆಯುತ್ತದೆ.