ನಕ್ಷತ್ರಗಳ ಹುಟ್ಟಿನಲ್ಲಿ ಕಪ್ಪುಕುಳಿಯ ಕೈವಾಡ

1826ರಲ್ಲಿ ಆಸ್ಟ್ರೇಲಿಯಾದ ಪ್ಯಾರಮಟ್ಟಾದಲ್ಲಿ ದಕ್ಷಿಣದ ಆಕಾಶವನ್ನು ಜಾಲಾಡುತ್ತಿದ್ದ ಜೇಮ್ಸ್ ಡನ್‌ಲಪ್, ಕಿನ್ನರ ನಕ್ಷತ್ರಪುಂಜದಲ್ಲಿ ಇಬ್ಭಾಗವಾದಂತಿದ್ದ ಮಸುಕು ಕಲೆಯೊಂದನ್ನು ಗುರುತು ಹಾಕಿಕೊಂಡರು. 1949ರಲ್ಲಿ ಅದೇ ದೇಶದಲ್ಲಿ ಜಾನ್ ಬೋಲ್ಟನ್ ಮತ್ತು ಸಂಗಡಿಗರು ಆ ದಿಕ್ಕಿನಿಂದ ಬರುತ್ತಿದ್ದ ಪ್ರಬಲ ರೇಡಿಯೊ ಅಲೆಗಳನ್ನು ಈ ಕಲೆಯೊಂದಿಗೆ ತಾಳೆ ಹಾಕಿದರು. ಸೆಂಟಾರಸ್-ಎ ಎಂಬ ಈ ಗೆಲಾಕ್ಸಿ ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಗೆಲಾಕ್ಸಿಗಳ ಲೆಕ್ಕದಲ್ಲಿ ಅದು ನೆರೆಮನೆಯೇ.

ಅದರ ಒಡಲಲ್ಲಿ ಕೆಲಸ ಮಾಡುತ್ತಿರುವುದು ಏನು? ಕೆಲವು ಗೆಲಾಕ್ಸಿಗಳ ನಡುಭಾಗ ವಿಪರೀತ ಉಜ್ವಲವಾಗಿರುವುದನ್ನು ಕಾರ್ಲ್ ಸೈಫರ್ಟ್ 1943ರಲ್ಲೇ ಬರೆದಿದ್ದರು. ಅಂಥ ಕಡೆ ದೈತ್ಯ ಕಪ್ಪುಕುಳಿಗಳಿರಬೇಕು ಎಂದು 1969ರಲ್ಲಿ ಡೊನಾಲ್ಡ್ ಲಿಂಡೆನ್-ಬೆಲ್ ವಾದಿಸಿದರು. ಸೂರ್ಯನೊಳಗೆ ಜಲಜನಕ ಹೀಲಿಯಂ ಆಗುವಾಗ ದ್ರವ್ಯದ ಶೇ 0.7ರಷ್ಟು ಮಾತ್ರ ಶಕ್ತಿಯಾಗುತ್ತದೆ; ಕಪ್ಪುಕುಳಿಯತ್ತ ಸುತ್ತುತ್ತಾ ಬೀಳುವ ಅನಿಲದಲ್ಲಿ ಅದು ಶೇ 10ರ ಆಸುಪಾಸು. ಅಷ್ಟು ಶಕ್ತಿ ಹೊರಬಿದ್ದರೆ ಸುತ್ತಲಿನ ಅನಿಲ ಸುಮ್ಮನಿದ್ದೀತೇ?

ಈ ಪ್ರಶ್ನೆಗೆ ಬೆಲೆ ಬಂದದ್ದು ತಡವಾಗಿ. ಕಂಪ್ಯೂಟರಿನಲ್ಲಿ ಗೆಲಾಕ್ಸಿಗಳನ್ನು ಬೆಳೆಸಿ ನೋಡುವವರಿಗೆ ಒಂದು ತಲೆನೋವಿತ್ತು. ಅವರ ದೊಡ್ಡ ಗೆಲಾಕ್ಸಿಗಳು ನಿಜದವಕ್ಕಿಂತ ತೀರಾ ದಪ್ಪವಾಗುತ್ತಿದ್ದವು, ಹೊಸ ನಕ್ಷತ್ರಗಳನ್ನು ಹೆರುವುದನ್ನು ನಿಲ್ಲಿಸುತ್ತಲೇ ಇರಲಿಲ್ಲ. ಕೇಂದ್ರದ ಕಪ್ಪುಕುಳಿಯೇ ಅನಿಲವನ್ನು ಹೊರದಬ್ಬಬಲ್ಲದು ಎಂದು 1998ರಲ್ಲಿ ಜೋಸೆಫ್ ಸಿಲ್ಕ್ ಮತ್ತು ಮಾರ್ಟಿನ್ ರೀಸ್ ಲೆಕ್ಕ ಕೊಟ್ಟರು. ಪಾರ್ಥ ನಕ್ಷತ್ರಪುಂಜದ ದಿಕ್ಕಿನ ಎನ್‌ಜಿಸಿ 1275 ಗೆಲಾಕ್ಸಿಯ ಸುತ್ತಲಿನ ಬಿಸಿ ಅನಿಲದಲ್ಲಿ ಕಪ್ಪುಕುಳಿ ಎಬ್ಬಿಸಿದ ದೈತ್ಯ ಗುಳ್ಳೆಗಳೂ ಅಲೆಗಳೂ ಇರುವುದನ್ನು 2003ರಲ್ಲಿ ಚಂದ್ರ ಎಂಬ ಕ್ಷ-ಕಿರಣ ದೂರದರ್ಶಕದ ಚಿತ್ರಗಳು ತೋರಿಸಿದವು. ಅನಿಲ ತಣ್ಣಗಾದರೆ ತಾನೇ ನಕ್ಷತ್ರ ಹುಟ್ಟುವುದು? ಅದು ತಣ್ಣಗಾಗಲು ಕಪ್ಪುಕುಳಿ ಬಿಡುತ್ತಿಲ್ಲ. ಅಲ್ಲಿಗೆ ಕಪ್ಪುಕುಳಿಗೆ ನಕ್ಷತ್ರ ಹಂತಕನ ಪಟ್ಟ ಕಟ್ಟಿದ್ದಾಯಿತು.

ಆತುರದ ಪಟ್ಟ ಅದು. ಉಫ್ ಎಂದು ಊದಿದರೆ ದೀಪ ಆರುತ್ತದೆ, ಒಲೆ ಹೊತ್ತಿಕೊಳ್ಳುತ್ತದೆ. ಎನ್‌ಜಿಸಿ 541 ಗೆಲಾಕ್ಸಿಯ ಕಪ್ಪುಕುಳಿಯ ಬಳಿಯಿಂದ ಚಿಮ್ಮುವ ಧಾರೆ, ಅಂದರೆ ಜೆಟ್, ಹೋಗಿ ಬಡಿದ ಜಾಗದಲ್ಲಿ ಎಳೆಯ ನಕ್ಷತ್ರಗಳು ತುಂಬಿರುವುದು 1980ರ ದಶಕದಲ್ಲೇ ಗೊತ್ತಾಗಿತ್ತು. ಸೆಂಟಾರಸ್-ಎ ಕೇಂದ್ರದಿಂದ ಸುಮಾರು 50 ಸಾವಿರ ಜ್ಯೋತಿರ್ವರ್ಷ ಆಚೆ, ಜೆಟ್ ಸಾಗುವ ದಿಕ್ಕಿನಲ್ಲೂ ಅಂಥದೇ ಎಳೆಯ ನಕ್ಷತ್ರಗಳಿವೆ. ಇಂಥ ಬಿಸಿ ನಕ್ಷತ್ರಗಳು ಹೆಚ್ಚಾಗಿ ಹೊಳೆಯುವುದು ನೇರಳಾತೀತ ಬೆಳಕಿನಲ್ಲಿ. ಅದನ್ನು ನಮ್ಮ ವಾಯುಮಂಡಲ ತಡೆಯುತ್ತದೆ. 2015ರಲ್ಲಿ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹ ಹೊತ್ತೊಯ್ದ ಯುವಿಐಟಿ ದೂರದರ್ಶಕ ಇದಕ್ಕೆ ಹೇಳಿ ಮಾಡಿಸಿದ್ದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಅದನ್ನು ಹೊಸಕೋಟೆಯ ತನ್ನ ಆವರಣದಲ್ಲಿ ಜೋಡಿಸಿತ್ತು. ಅದು ಸೆಂಟಾರಸ್-ಎಯ ಈ ಭಾಗವನ್ನೂ ಚಿತ್ರಿಸಿದೆ.

ಆದರೂ ಜೆಟ್ಟನ್ನು ಸೂಲಗಿತ್ತಿ ಎಂದು ಹೊಗಳಲು ನನಗೆ ಮನಸ್ಸಿಲ್ಲ. ಚಿಲಿಯ ಆಲ್ಮಾ ದೂರದರ್ಶಕ ಅದೇ ಜಾಗದಲ್ಲಿ ಅಣು ಅನಿಲವನ್ನು ಹುಡುಕಿದಾಗ, ಸರಕು ಬೇಕಾದಷ್ಟಿದ್ದರೂ ನಕ್ಷತ್ರಗಳ ಇಳುವರಿ ಮಾತ್ರ ಕಡಿಮೆ ಎಂದು ಕಂಡುಬಂತು. ಅನಿಲವನ್ನು ಒತ್ತಿ ನಕ್ಷತ್ರ ಹುಟ್ಟಿಸುವ ಜೆಟ್ಟೇ ಅದನ್ನು ಕದಡಿ ಹುಟ್ಟನ್ನು ತಡೆಯುತ್ತಲೂ ಇದೆ.

ನಮ್ಮ ರಾಜ್ಯದಿಂದ ಸೆಂಟಾರಸ್-ಎ ಕಾಣುತ್ತದೆ. ಮೇ ತಿಂಗಳ ಮಧ್ಯದಲ್ಲಿ ರಾತ್ರಿ ಹತ್ತರ ಸುಮಾರಿಗೆ, ಊರಿನ ದೀಪಗಳಿಂದ ದೂರ ಹೋಗಿ, ಬೈನಾಕ್ಯುಲರ್ ಹಿಡಿದು ನೇರ ದಕ್ಷಿಣಕ್ಕೆ, ದಿಗಂತದಿಂದ ನೆತ್ತಿಯವರೆಗಿನ ದೂರದ ಮೂರನೇ ಒಂದು ಭಾಗದಷ್ಟು ಎತ್ತರದಲ್ಲಿ ಹುಡುಕಿ. ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ಮೊದಲು ಸಿಗುತ್ತದೆ. ಅದರ ಸ್ವಲ್ಪ ಮೇಲಿರುವ ಮಸುಕು ಚುಕ್ಕೆಯೇ ಇದು.