ಸಿಐಡಿ 999 ಎಲ್ಲಿ ಹೋದ?

ಹೋದ ಮಳೆಗಾಲ ಲಿಂಗದಹಳ್ಳಿಗೆ ಹೋದಾಗ ವರ್ಕ್ ಫ್ರಂ ಹೋಮ್ ಅನ್ನೋದು ಬರೀ ಹೆಸರಿಗೆ. ಕೆಮ್ಮಣ್ಣುಗುಂಡಿ ಕಡೆಯಿಂದ ಮೋಡ ಇಳಿದರೆ ನೆಟ್‌ವರ್ಕ್ ಢಮಾರ್. ಒಂದು ಸಂಜೆ ಸಿಗ್ನಲ್ ಸಿಕ್ಕಾಗ ಆಫೀಸ್ ಗ್ರೂಪಿನಲ್ಲಿ 'ಇಫ್ ಯು ಕಮ್ ಟುಡೇ' ಮೀಮ್ ಬಂದಿತ್ತು. ನಾನು ಜೋರಾಗಿ ನಕ್ಕೆ. ಪಕ್ಕದಲ್ಲಿ ಅಡಿಕೆ ಆರಿಸುತ್ತಿದ್ದ ಅಪ್ಪನ ಮುಖ ಸಣ್ಣಗಾಯ್ತು.

"ನಗೋಕಾ ಅದು? ಹದಿನಾರು ವರ್ಷದವನಿದ್ದಾಗ ಮೂರು ಸಲ ನೋಡಿದೀನಿ ಆ ಪಿಚ್ಚರ್‌ನ."

ನನಗೆ ಮುಜುಗರ ಆಯ್ತು. ಸಮಾಧಾನ ಮಾಡೋಣ ಅಂತ ಶನಿವಾರ, ಭಾನುವಾರ ಎರಡೂ ದಿನ ಟಿವಿಗೆ ಫೋನ್ ಹಾಕಿ ಸಿಐಡಿ 999 ಸಿನಿಮಾಗಳನ್ನ ಸಾಲಾಗಿ ಹಾಕಿದೆ. ಎಪ್ಪತ್ತು ದಾಟಿದ ದೊಡ್ಡಪ್ಪನೂ ಶಾಲು ಹೊದ್ದು ಬಂದು ಕೂತರು.

ದೊರೈ-ಭಗವಾನ್ ಜೋಡಿಯ 'ಜೇಡರ ಬಲೆ' ಬಂದಿದ್ದು 1968ರಲ್ಲಿ. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999'. ಆಮೇಲೆ ಒಂಬತ್ತು ವರ್ಷ ಬಿಟ್ಟು 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ನಮ್ಮ ಮೀಮ್ ಹಾಡು ಈ ಕೊನೆಯದರದ್ದು.

ಮೊದಲನೇದು ನೋಡ್ತಾ ನನಗೆ ಹೊಳೆದದ್ದು ಒಂದೇ. ಆ ಕಾಲದ ಪ್ರೇಕ್ಷಕ ರಾಜ್‌ಕುಮಾರ್‌ರನ್ನ ಕಣ್ಣಪ್ಪನಾಗಿ, ಕನಕದಾಸನಾಗಿ, ಹರಿಶ್ಚಂದ್ರನಾಗಿ ನೋಡಿ ಕೈಮುಗಿದವನು. ಅದೇ ಮನುಷ್ಯ ಸೂಟು ಹಾಕಿ ಪಿಸ್ತೂಲು ಹಿಡಿದರೆ? ಇವನು ಏನು ಬೇಕಾದರೂ ಮಾಡಬಹುದು ಅನ್ನೋ ಕುತೂಹಲ. ಪತ್ತೇದಾರನಿಗೆ ಬೇಕಿರೋದೇ ಆ ಅನುಮಾನ.

ಆದರೆ 1978ರ ಹೊತ್ತಿಗೆ 'ಬಂಗಾರದ ಮನುಷ್ಯ' ಬಂದು ಆರು ವರ್ಷ ಆಗಿತ್ತು. ಆತ ಈಗ ಮನೆಮನೆಯ ಅಣ್ಣಾವ್ರು. 'ಸಂಪತ್ತಿಗೆ ಸವಾಲ್' ನಂತರ ಹಾಡೋದೂ ಅವರೇ. ಅಣ್ಣಾವ್ರು ಸೋಲಲ್ಲ, ಮೋಸ ಹೋಗಲ್ಲ ಅಂತ ಥಿಯೇಟರ್‌ನಲ್ಲಿ ಪ್ರತಿಯೊಬ್ಬನಿಗೂ ಗೊತ್ತು. ಗೊತ್ತಿದ್ದ ಮೇಲೆ ಬಾಂಬ್ ಟಿಕ್ ಟಿಕ್ ಅಂದರೇನು, ಬಿಟ್ಟರೇನು!

ದೊಡ್ಡಪ್ಪ ಇದನ್ನೇ ಎರಡು ಮಾತಲ್ಲಿ ಹೇಳಿಬಿಟ್ಟರು: "ಜೇಡರ ಬಲೇಲಿ ಪ್ರಕಾಶ ಇದ್ದ ಕಣೋ. ಇದ್ರಲ್ಲಿ ರಾಜಣ್ಣ ಇದಾರೆ."

ಅಪ್ಪ ಬಿಡಲಿಲ್ಲ. "ನಾವು ಹೋಗ್ತಿದ್ದದ್ದೇ ಅವರನ್ನ ನೋಡೋಕೆ. ಪ್ರಕಾಶ ಯಾರಿಗೆ ಬೇಕಿತ್ತು?"

ಅದೂ ಸರಿಯೇ. ಸೋತದ್ದು ಪಾತ್ರ, ಸಿನಿಮಾ ಅಲ್ಲ.

ಜೇಮ್ಸ್ ಬಾಂಡ್‌ಗೂ ಇದೇ ಕಾಯಿಲೆ ಬಂದಿತ್ತು, ಸ್ವಲ್ಪ ಬೇರೆ ಥರ. 1962ರ 'ಡಾಕ್ಟರ್ ನೋ'ದಲ್ಲಿ ಹಾಸಿಗೆ ಮೇಲೆ ಜೇಡ ಹತ್ತಿದರೆ ಶಾನ್ ಕಾನರಿ ಬೆವರುತ್ತಾನೆ. 2002ರ 'ಡೈ ಅನದರ್ ಡೇ'ಗೆ ಬರುವಷ್ಟರಲ್ಲಿ ಕಾರೇ ಮಾಯವಾಗುತ್ತೆ! ನಾವು ಸಾಫ್ಟ್‌ವೇರ್‌ನವರು ಮಾಡೋ ತಪ್ಪೇ ಇದು: ಪ್ರತಿ ರಿಲೀಸ್‌ಗೂ ಹೊಸ ಫೀಚರ್ ತುರುಕೋದು, ಬಳಸುವವನಿಗೆ ಮೊದಲು ಯಾಕೆ ಇಷ್ಟ ಆಗಿತ್ತು ಅನ್ನೋದನ್ನೇ ಮರೆಯೋದು. ಅವರು ನಟನನ್ನ ಬದಲಾಯಿಸಿ 2006ರ 'ಕ್ಯಾಸಿನೊ ರಾಯಲ್'ನಲ್ಲಿ ಬಾಂಡ್‌ನ ಮತ್ತೆ ಹಸಿಬಿಸಿ ಮನುಷ್ಯನನ್ನಾಗಿ ಮಾಡಿದರು. ಪ್ರೀತಿಸಿದವಳಿಂದಲೇ ಮೋಸ ಹೋಗ್ತಾನೆ, ಅಳು ನುಂಗ್ತಾನೆ. ನಮ್ಮಲ್ಲಿ ನಟನನ್ನ ಬದಲಾಯಿಸೋ ಮಾತೆಲ್ಲಿ? ಹಾಗಂತ ಹೇಳಿದ್ದರೆ ಅಪ್ಪ ಅವತ್ತು ನನಗೆ ರಾತ್ರಿ ಊಟ ಹಾಕ್ತಿರಲಿಲ್ಲ.

ಭಾನುವಾರ ರಾತ್ರಿ ಆ ಹಾಡು ಬಂತು. ನಗು ಬರುತ್ತೇನೋ ಅಂತ ತುಟಿ ಕಚ್ಚಿ ಕೂತಿದ್ದೆ. ಅಪ್ಪ ಪದ ತಪ್ಪದೆ ಇಂಗ್ಲಿಷಲ್ಲಿ ಜೊತೆಗೆ ಹಾಡಿದರು. ದೊಡ್ಡಪ್ಪ ಮಾತ್ರ ರಿಮೋಟ್ ಹುಡುಕ್ತಾ, "ಇದಾದ್ಮೇಲೆ ಜೇಡರ ಬಲೆ ಇನ್ನೊಂದ್ ಸಲ ಹಾಕೋ," ಅಂದರು.